ತಿನ್ನಲು ಯಾವ ಸೇಬು, ಅಡುಗೆಗೆ ಯಾವುದು? ಪುಣೆಗೆ ಹೊಸದಾಗಿ ಬಂದವರಿಗೆ

ಗುಲ್‌ಟೇಕಡಿಯ ಮಾರ್ಕೆಟ್ ಯಾರ್ಡಿನಲ್ಲಿ ಸೇಬು ವರ್ಷವಿಡೀ ಇರುತ್ತದೆ, ಆದರೆ ಯಾವಾಗಲೂ ಹೊಸ ಬೆಳೆಯದ್ದೇ ಇರುವುದಿಲ್ಲ. ಆಗಸ್ಟ್ ಹೊತ್ತಿಗೆ ಹಿಮಾಚಲದ್ದು (ಅಂಗಡಿಯವರ ಬಾಯಲ್ಲಿ ‘ಶಿಮ್ಲಾ’), ಸೆಪ್ಟೆಂಬರ್‌ನಿಂದ ಕಾಶ್ಮೀರದ್ದು, ಅಕ್ಟೋಬರ್‌ನಲ್ಲಿ ಹಿಮಾಚಲದ್ದೇ ಎತ್ತರದ ಜಿಲ್ಲೆ ಕಿನ್ನೌರ್‌ನದ್ದು ಜೋರು. ಫೆಬ್ರವರಿಯ ನಂತರದ ದೇಶಿ ಸೇಬೆಲ್ಲ ಕೋಲ್ಡ್ ಸ್ಟೋರೇಜಿನದು. ಬೇಸಿಗೆಯಲ್ಲಿ ನ್ಯೂಜಿಲೆಂಡ್ ಅಥವಾ ಚಿಲಿಯ ರಾಯಲ್ ಗಾಲಾ ತಳಿಯ ಸೇಬು ಕೊಳ್ಳುವುದೇ ಲೇಸು. ಅಲ್ಲಿ ಕೊಯ್ಲು ಫೆಬ್ರವರಿ, ಮಾರ್ಚ್‌ನಲ್ಲಿ.

ಕೆಂಪು ಬಣ್ಣಕ್ಕೆ ದುಡ್ಡು ಕೊಡಬೇಡಿ. ರೆಡ್ ಡೆಲಿಷಿಯಸ್‌ನ ಎಷ್ಟೋ ತಳಿಗಳು ಬಲಿಯುವ ಮೊದಲೇ ಪೂರ್ತಿ ಕೆಂಪಾಗುತ್ತವೆ. ಹಣ್ಣನ್ನು ತಿರುಗಿಸಿ, ಬುಡದ ಕುಳಿಯ ಬಣ್ಣ ನೋಡಿ: ಕಡುಹಸಿರಿದ್ದರೆ ಇನ್ನೂ ಕಾಯಿ, ತಿಳಿಹಳದಿಯಿದ್ದರೆ ಸರಿ. ಹೆಬ್ಬೆರಳಿಗೆ ತಗ್ಗಿದರೆ ಒಳಗೆ ಹಿಟ್ಟುಹಿಟ್ಟಾಗಿದೆ ಎಂದೇ ಲೆಕ್ಕ. ಅಂಥ ಸೇಬಿನಲ್ಲಿ ರಸ ಬತ್ತಿರುವುದಿಲ್ಲ. ಕೋಶಗಳ ನಡುವಿನ ಅಂಟು ಸಡಿಲಾಗಿ, ಕಚ್ಚಿದಾಗ ಅವು ಒಡೆಯದೆ ಬಿಡಿಬಿಡಿಯಾಗುತ್ತವೆ, ರಸ ಒಳಗೇ ಉಳಿಯುತ್ತದೆ. ಫ್ರಿಜ್ಜಿನಲ್ಲಿಟ್ಟರೂ ಗರಿಗರಿ ಮರಳದು. ಫ್ಯೂಜಿ ತಳಿಯ ಸೇಬಿನ ನಡುವೆ ಗಾಜಿನಂಥ ಕಲೆ ಕಂಡರೆ ಎಸೆಯಬೇಡಿ: ಅದು ಸೋರ್ಬಿಟಾಲ್ ಎಂಬ ಸಿಹಿ ಅಂಶ ತುಂಬಿದ ಭಾಗ. ಬೇಗ ತಿಂದು ಮುಗಿಸಿ, ಅಷ್ಟೇ.

ಅಡುಗೆಗೆ ರೆಡ್ ಡೆಲಿಷಿಯಸ್ ಬೇಡ. ಬೆಂದರೆ ಸಪ್ಪೆ, ಹುಳಿಯೂ ಇಲ್ಲ. ಹಸಿರು ಗ್ರ್ಯಾನಿ ಸ್ಮಿತ್ ಹುಳಿಯಾಗಿದ್ದು ಹೋಳಿನ ಆಕಾರ ಕಾಯ್ದುಕೊಳ್ಳುತ್ತದೆ. ಮಾವಿನಕಾಯಿ ಸಿಗದ ತಿಂಗಳುಗಳಲ್ಲಿ ಗೊಜ್ಜಿಗೆ, ಚಿತ್ರಾನ್ನಕ್ಕೆ, ದಿಢೀರ್ ಉಪ್ಪಿನಕಾಯಿಗೆ ನಮ್ಮ ಮೊದಲ ಆಯ್ಕೆ ಇದೇ. ಉಪ್ಪಿನಕಾಯಿಗೆ ಎರಡು ಹಣ್ಣು ಹೆಚ್ಚಿ, ಒಂದೂವರೆ ಚಮಚ ಉಪ್ಪು, ಎರಡು ಚಮಚ ಖಾರದ ಪುಡಿ, ಕಾಲು ಚಮಚ ಹುರಿದ ಮೆಂತ್ಯದ ಪುಡಿ ಬೆರೆಸಿ, ಇಂಗು ಸಾಸಿವೆ ಒಗ್ಗರಣೆ ಹಾಕಿ. ಚಮಚವೆಂದರೆ ಟೀ ಚಮಚ. ನೀರಿನಂಶ ಹೆಚ್ಚು, ಮಾವಿನಷ್ಟು ಹುಳಿಯಿಲ್ಲ; ಆದ್ದರಿಂದ ಫ್ರಿಜ್ಜಿನಲ್ಲಿಟ್ಟು ಮೂರ್ನಾಲ್ಕು ದಿನದಲ್ಲಿ ಖಾಲಿ ಮಾಡಿ.

ಕೇಸರಿಬಾತಿಗೆ ಗೋಲ್ಡನ್ ಡೆಲಿಷಿಯಸ್ ಹೊಂದುತ್ತದೆ. ತುರಿದು, ನೀರಾರುವವರೆಗೆ ತುಪ್ಪದಲ್ಲಿ ಬಾಡಿಸಿ ಕೊನೆಗೆ ಸೇರಿಸಿ. ಹಸಿಯಾಗಿ ಹಾಕಿದರೆ ರವೆ ಮುದ್ದೆಯಾಗುತ್ತದೆ. ಪಾಯಸಕ್ಕೂ ಹೀಗೇ ಬಾಡಿಸಿ ಆರಿಸಿ, ಹಾಲೂ ಪೂರ್ತಿ ತಣ್ಣಗಾದ ಮೇಲೆ ಬೆರೆಸಿ. ಕುದಿಯುವ ಹಾಲಿಗೆ ಹಾಕಿದರೆ ಹುಳಿಗೆ ಒಡೆಯುತ್ತದೆ.

ಮನೆಯಲ್ಲಿ ಸೇಬನ್ನು ಸೊಪ್ಪು, ಸೌತೆಕಾಯಿಗಳ ಜೊತೆ ಇಡಬೇಡಿ. ಅದು ಬಿಡುವ ಎಥಿಲೀನ್ ಎಂಬ, ಕಾಯಿಯನ್ನು ಹಣ್ಣಾಗಿಸುವ ಅನಿಲದಿಂದ ಅವು ಬೇಗ ಹಳದಿಯಾಗುತ್ತವೆ. ಕಾಯಿ ಬಾಳೆಗೊನೆಯ ಪಕ್ಕ ಇಟ್ಟರೆ ಮಾತ್ರ ಲಾಭವೇ.