ಗ್ರಾಹಕರ ಮಾಹಿತಿ ನಿಮ್ಮ ಹತ್ರ ಇದ್ಯಾ? ಪ್ರೈವೆಸಿ ಪಾಲಿಸಿ ಬರೆಯೋಕೆ ಮುಂಚೆ ಇದನ್ನ ಮಾಡಿ

ಒಂದ್ಸಲ ಒಂದು ಆಫೀಸಲ್ಲಿ ನಂಗೆ ಏನೋ ವಿವರ ಒಂದು ಹಾಳೇಲಿ ಬರ್ಕೊಟ್ರು, ಮನೆಗೆ ಬಂದು ತಿರುಗಿಸಿ ನೋಡಿದ್ರೆ ಹಿಂದ್ಗಡೆ ಯಾರೋ ಹೆಂಗಸಿನ ಐಡಿ ಕಾರ್ಡ್ ಜೆರಾಕ್ಸ್! ಫೋಟೋ, ಹುಟ್ಟಿದ ತಾರೀಖು, ಮನೆ ಅಡ್ರೆಸ್ ಎಲ್ಲಾ ಇತ್ತು. ಹಾಳೆ ದಂಡ ಆಗ್ಬಾರ್ದು ಅಂತ ಮಾಡಿದ್ರು ಅಷ್ಟೇ, ಯಾರ ಮನಸ್ಸಲ್ಲೂ ಕೆಟ್ಟದ್ದಿರ್ಲಿಲ್ಲ. ಆದ್ರೆ ಗುರುತು ಪರಿಚಯ ಇಲ್ದಿರೋ ನಂಗೆ ಆಯಮ್ಮ ಎಲ್ಲಿರ್ತಾರೆ ಅಂತ ಗೊತ್ತಾಗೋಯ್ತು, ಅದು ನಂಗೆ ತುಂಬಾ ದಿನ ಕೊರೀತಾ ಇತ್ತು.

ಪ್ರೈವೆಸಿ ಕಾನೂನು ಅಂದ ತಕ್ಷಣ ಸುಮಾರು ಜನ ಬೇರೆಯವರ ವೆಬ್‌ಸೈಟಿಂದ ಪ್ರೈವೆಸಿ ಪಾಲಿಸಿ, ಅಂದ್ರೆ ಗ್ರಾಹಕರ ಮಾಹಿತಿನ ಏನು ಮಾಡ್ತೀವಿ ಅಂತ ಹೇಳೋ ಬರಹ, ಕಾಪಿ ಮಾಡಿ ಹಾಕಿ ಮುಗೀತು ಅಂದ್ಕೊಳ್ತಾರೆ. ದಯವಿಟ್ಟು ಹಾಗೆ ಮಾಡ್ಬೇಡಿ. ನೀವು ನಿಜವಾಗ್ಲೂ ಏನು ಮಾಡ್ತಿದೀರ ಅನ್ನೋದಕ್ಕೂ ಅಲ್ಲಿ ಬರ್ದಿರೋದಕ್ಕೂ ತಾಳೆ ಆಗ್ಲಿಲ್ಲ ಅಂದ್ರೆ ಆ ಪಾಲಿಸಿನೇ ನಿಮ್ಮ ವಿರುದ್ಧ ಸಾಕ್ಷಿ ಆಗತ್ತೆ.

ಮೊದ್ಲು ಒಂದು ಪಟ್ಟಿ ಮಾಡಿ. ಏನು ಮಾಹಿತಿ ಇದೆ, ಯಾಕೆ ತಗೊಂಡ್ವಿ, ಎಲ್ಲಿದೆ, ಯಾರ್ಯಾರು ನೋಡ್ಬಹುದು, ಯಾವತ್ತು ಅಳಿಸ್ತೀವಿ, ಈ ಐದು ಕಾಲಂ ಸಾಕು. "ಎಲ್ಲಿದೆ" ಅನ್ನೋ ಕಾಲಂ ತುಂಬಿಸೋವಾಗ್ಲೇ ಎದೆ ಧಸಕ್ ಅನ್ನೋದು. ಮೇನ್ ಸಾಫ್ಟ್‌ವೇರ್ ಒಂದೇ ಅಲ್ಲ, ಅದ್ರಿಂದ ಎಕ್ಸ್‌ಪೋರ್ಟ್ ಮಾಡಿದ ಎಕ್ಸೆಲ್ ಫೈಲು, ಆ ಫೈಲು ಹೋದ ಇಮೇಲು, ಅದನ್ನ ಡೌನ್‌ಲೋಡ್ ಮಾಡ್ಕೊಂಡವರ ಲ್ಯಾಪ್‌ಟಾಪು, ಸ್ಟಾಫ್ ವಾಟ್ಸಾಪ್ ಗ್ರೂಪಲ್ಲಿ ಬಿದ್ದಿರೋ ಅಡ್ರೆಸ್ಸು, ಕೆಲಸ ಬಿಟ್ಟು ಹೋದವರ ಫೋನಲ್ಲಿ ಉಳ್ಕೊಂಡಿರೋ ನಂಬರ್‌ಗಳು, ಸಿಸಿಟಿವಿ ರೆಕಾರ್ಡಿಂಗು, ಹಳೇ ಬ್ಯಾಕಪ್ಪು, ಬೀರುವಲ್ಲಿರೋ ಫೈಲು, ಪ್ರಿಂಟರ್ ಪಕ್ಕದ ರಫ್ ಹಾಳೆ, ಎಲ್ಲಾ ಬರೀರಿ. ಒಬ್ರೇ ಕೂತು ಬರೆದ್ರೆ ಅರ್ಧ ತಪ್ಪಿಹೋಗತ್ತೆ, ಫೋನ್ ಎತ್ತೋರಿಂದ ಹಿಡ್ದು ಲೆಕ್ಕ ಬರೆಯೋರ ತನಕ ಎಲ್ಲರನ್ನೂ ಕೇಳಿ.

ಪಟ್ಟಿ ಆದ್ಮೇಲೆ ಕತ್ತರಿ ಹಾಕಿ. ನಂಗೆ ಕೇಳಿದ್ರೆ ಇಡೀ ವಿಷಯದಲ್ಲಿ ಇದೇ ದೊಡ್ಡದು, ನಿಮ್ಮ ಹತ್ರ ಇಲ್ಲದೇ ಇರೋದನ್ನ ಯಾರೂ ಕದಿಯೋಕಾಗಲ್ಲ. 18 ತುಂಬಿದ್ಯಾ ಅಂತಷ್ಟೇ ಬೇಕಿದ್ರೆ ಹೌದು ಇಲ್ಲ ಅಂತ ಗುರುತು ಹಾಕ್ಕೊಳ್ಳಿ, ಹುಟ್ಟಿದ ತಾರೀಖು ಯಾಕೆ? ಐಡಿ ಕಾರ್ಡ್ ನೋಡಿ ವಾಪಸ್ ಕೊಟ್ರೆ ಸಾಕು ಅನ್ನೋ ಕಡೆ ಜೆರಾಕ್ಸ್ ತಗೋಬೇಡಿ. ಇದೇನು ಹೊಸ ಮಾತಲ್ಲ, ಬೇಕಾದಷ್ಟೇ ತಗೋಬೇಕು, ಹೇಳಿದ ಕಾರಣಕ್ಕೆ ಮಾತ್ರ ಬಳಸ್ಬೇಕು ಅಂತ ಒಇಸಿಡಿ ಅನ್ನೋ ಹಲವು ದೇಶಗಳ ಆರ್ಥಿಕ ಒಕ್ಕೂಟ 1980ರಲ್ಲೇ ಹೇಳಿತ್ತು, ಯುರೋಪಿನಲ್ಲಿ 2018ರ ಮೇ 25ರಿಂದ ಜಾರಿಗೆ ಬಂದ ಜಿಡಿಪಿಆರ್ ಅನ್ನೋ ಮಾಹಿತಿ ರಕ್ಷಣೆ ಕಾನೂನಲ್ಲೂ ಇದೇ ತಿರುಳು. ಡೆಲಿವರಿಗೆ ಅಂತ ತಗೊಂಡ ನಂಬರಿಗೆ ಆಫರ್ ಮೆಸೇಜ್ ಕಳ್ಸೋದು ಬೇರೆ ಕಾರಣ ಆಯ್ತು, ಅದಕ್ಕೆ ಬೇರೆಯಾಗೇ ಕೇಳ್ಬೇಕು. ಕಾರ್ಡ್ ಹಿಂದಿರೋ ಸಿವಿವಿ ನಂಬರಂತೂ ಪೇಮೆಂಟ್ ಓಕೆ ಆದ್ಮೇಲೆ ಎನ್‌ಕ್ರಿಪ್ಟ್ ಮಾಡಿ (ಬೇರೆಯವರಿಗೆ ಓದೋಕಾಗದ ಗುಪ್ತ ಅಕ್ಷರವಾಗಿ ಬದಲಾಯಿಸಿ) ಕೂಡ ಇಟ್ಕೊಳ್ಳೋ ಹಾಗಿಲ್ಲ, ಕಾರ್ಡ್ ಕಂಪನಿಗಳ ಪಿಸಿಐ ನಿಯಮದಲ್ಲೇ ಇದೆ.

ಹೆಸರು ತೆಗೆದ್ಬಿಟ್ರೆ ಸೇಫ್ ಅಂತಾನೂ ಅಂದ್ಕೋಬೇಡಿ. ಅಮೆರಿಕದ 1990ರ ಜನಗಣತಿ ಲೆಕ್ಕ ಇಟ್ಕೊಂಡು ಲಟಾನ್ಯಾ ಸ್ವೀನಿ ಅನ್ನೋ ಸಂಶೋಧಕಿ 2000ದಲ್ಲಿ ಅಂದಾಜು ಮಾಡಿದ್ರು, ಪಿನ್‌ಕೋಡ್ ತರದ ಅಂಚೆ ನಂಬರು, ಹುಟ್ಟಿದ ತಾರೀಖು, ಗಂಡೋ ಹೆಣ್ಣೋ, ಈ ಮೂರೇ ಸೇರಿದ್ರೆ ಅಲ್ಲಿನ 87% ಜನರನ್ನ ಒಬ್ಬೊಬ್ಬರನ್ನಾಗಿ ಗುರುತಿಸ್ಬಹುದು ಅಂತ.

ಒಪ್ಪಿಗೆ ಕೇಳೋವಾಗ ಮುಂಚೆನೇ ಟಿಕ್ ಹಾಕಿಟ್ಟ ಬಾಕ್ಸ್ ಬೇಡ, ಅದು ಒಪ್ಪಿಗೆ ಅಲ್ಲ ಅಂತ ಯುರೋಪಿನ ಕೋರ್ಟೇ 2019ರಲ್ಲಿ ಹೇಳಿದೆ. ಒಪ್ಪಿಗೆ ಕೊಡೋದು ಎಷ್ಟು ಸುಲಭವೋ ವಾಪಸ್ ತಗೊಳ್ಳೋದೂ ಅಷ್ಟೇ ಸುಲಭ ಇರ್ಬೇಕು. ಅಂದ್ರೆ ಒಂದು ಕ್ಲಿಕ್ಕಲ್ಲಿ ಸೇರ್ಸ್ಕೊಂಡು, ಬಿಟ್ಟು ಹೋಗೋಕೆ ಮಾತ್ರ ಪತ್ರ ಬರೀರಿ ಅನ್ನೋದು ನಡಿಯಲ್ಲ. ಹಾಗಂತ ಎಲ್ಲದಕ್ಕೂ ಒಪ್ಪಿಗೆ ಬೇಕು ಅಂತಿಲ್ಲ, ಟ್ಯಾಕ್ಸ್ ಕಾನೂನಿಗೆ ಬಿಲ್ಲು ಇಡ್ಲೇಬೇಕಿದ್ರೆ ಇಡಿ, ಎಷ್ಟು ವರ್ಷ ಅಂತ ಪಟ್ಟೀಲಿ ಬರ್ದು ಅವಧಿ ಮುಗಿದ ದಿನ ಅಳಿಸಿ. ಪೇಪರ್ ಆದ್ರೆ ಶ್ರೆಡ್ಡರಿಗೆ ಹಾಕಿ, ರದ್ದಿಗೆ ಬೇಡ.

ಇನ್ನು ಬೀಗದ ವಿಚಾರ. ಒಬ್ಬೊಬ್ರಿಗೂ ಬೇರೆ ಲಾಗಿನ್, ಎರಡನೇ ಹಂತದ ಓಟಿಪಿ, ಕೆಲಸ ಬಿಟ್ಟವರ ಲಾಗಿನ್ ಅವತ್ತೇ ಬಂದ್, ಗ್ರಾಹಕರ ಪಾಸ್‌ವರ್ಡ್ ಇದ್ರೆ ಬಿಕ್ರಿಪ್ಟ್ ಅಥವಾ ಆರ್ಗಾನ್2 ತರದ ವಿಧಾನದಲ್ಲಿ ಹ್ಯಾಶ್ ಮಾಡಿರ್ಬೇಕು, ಅಂದ್ರೆ ವಾಪಸ್ ಮೂಲ ಪಾಸ್‌ವರ್ಡ್ ತೆಗೆಯೋಕಾಗದ ಹಾಗೆ ಬದಲಾಯಿಸಿಟ್ಟಿರ್ಬೇಕು. ಅಪ್‌ಡೇಟ್ ಬಂದಾಗ ಆಮೇಲೆ ಅನ್ಬೇಡಿ. 2017ರಲ್ಲಿ ಈಕ್ವಿಫ್ಯಾಕ್ಸ್ ಅನ್ನೋ ಅಮೆರಿಕದ ಕ್ರೆಡಿಟ್ ಮಾಹಿತಿ ಕಂಪನಿಯಿಂದ ಸುಮಾರು 14.7 ಕೋಟಿ ಜನರ ಮಾಹಿತಿ ಹೋಗಿದ್ದು ಅಪಾಚೆ ಸ್ಟ್ರಟ್ಸ್ ಅನ್ನೋ ಸಾಫ್ಟ್‌ವೇರಲ್ಲಿದ್ದ ಒಂದು ತೂತಿಂದ, ಅದನ್ನ ಮುಚ್ಚೋ ಪ್ಯಾಚ್ (ರಿಪೇರಿ ಅಪ್‌ಡೇಟ್) ಕಳ್ಳರು ಒಳಗೆ ನುಗ್ಗೋ ಮುಂಚೆನೇ ಬಂದಿತ್ತು, ಹಾಕಿರ್ಲಿಲ್ಲ.

ಮೆಸೇಜ್ ಕಳ್ಸೋಕೆ, ಲೆಕ್ಕ ನೋಡೋಕೆ ಹೊರಗಿನ ಕಂಪನಿ ಇಟ್ಕೊಂಡಿದ್ರೂ ಗ್ರಾಹಕರು ನಂಬಿ ಕೊಟ್ಟಿದ್ದು ನಿಮಗೆ, ಅವರ ಜೊತೆ ಲಿಖಿತ ಕರಾರು ಮಾಡ್ಕೊಳ್ಳಿ. ಬೇರೆ ದೇಶದ ಗ್ರಾಹಕರಿದ್ರೆ ಅಲ್ಲಿನ ಕಾನೂನೂ ನಿಮಗೆ ತಗಲ್ಬಹುದು, ಇದನ್ನ ಮಾತ್ರ ವಕೀಲರ ಹತ್ರಾನೇ ಕೇಳಿ.

"ನನ್ನ ಬಗ್ಗೆ ಏನಿಟ್ಕೊಂಡಿದೀರ" ಅಂತ ಯಾರಾದ್ರೂ ಕೇಳಿದ್ರೆ ಬೇಜಾರು ಮಾಡ್ಕೋಬೇಡಿ, ಅದು ಅವರ ಹಕ್ಕು, ಜಿಡಿಪಿಆರ್ ಪ್ರಕಾರ ಸಾಮಾನ್ಯವಾಗಿ ಒಂದು ತಿಂಗಳೊಳಗೆ ಉತ್ತರ ಕೊಡ್ಬೇಕು. ಕೇಳ್ತಿರೋದು ಅವರೇನಾ ಅಂತ ಖಾತ್ರಿ ಮಾಡ್ಕೊಳ್ಳಿ, ಆದ್ರೆ ಅದಕ್ಕೋಸ್ಕರ ಇನ್ನೊಂದು ರಾಶಿ ದಾಖಲೆ ಕೇಳ್ಬೇಡಿ.

ಲೀಕ್ ಆಯ್ತು ಅಂತ ಗೊತ್ತಾದ್ರೆ ಗಾಬರೀಲಿ ಲಾಗ್ (ಸಿಸ್ಟಮ್‌ನಲ್ಲಿ ಯಾವಾಗ ಏನಾಯ್ತು ಅನ್ನೋ ದಾಖಲೆ) ಅಳಿಸ್ಬೇಡಿ, ಏನಾಯ್ತು ಅಂತ ಹುಡುಕೋಕೆ ಅದೇ ಬೇಕು. ಸೋರ್ತಿರೋ ಅಕೌಂಟ್ ಬಂದ್ ಮಾಡಿ, ಗೊತ್ತಾದ ಗಂಟೆ ಬರ್ದಿಡಿ. ಯಾಕಂದ್ರೆ ಜನರಿಗೆ ಅಪಾಯ ಆಗೋ ಸಾಧ್ಯತೆ ಇದ್ರೆ ಜಿಡಿಪಿಆರ್‌ನಲ್ಲಿ ಅಲ್ಲಿಂದ 72 ಗಂಟೆ ಒಳಗೆ ಮಾಹಿತಿ ರಕ್ಷಣೆ ನೋಡ್ಕೊಳ್ಳೋ ಸರ್ಕಾರಿ ಪ್ರಾಧಿಕಾರಕ್ಕೆ ತಿಳಿಸ್ಬೇಕು, ಅಪಾಯ ದೊಡ್ಡದಿದ್ರೆ ಆ ಜನರಿಗೂ ಹೇಳ್ಬೇಕು. ಹೇಳೋವಾಗ "ನಿಮ್ಮ ಸುರಕ್ಷತೆಯೇ ನಮ್ಮ ಆದ್ಯತೆ" ಅಂತ ಶುರು ಮಾಡ್ಬೇಡಿ. ಯಾವ ದಿನ, ನಿಮ್ಮ ಯಾವ ಮಾಹಿತಿ ಹೋಯ್ತು, ಅದ್ರಿಂದ ಏನಾಗ್ಬಹುದು, ಈಗ ನೀವು ಯಾವ ಪಾಸ್‌ವರ್ಡ್ ಬದಲಾಯಿಸ್ಬೇಕು, ಯಾರಿಗೆ ಫೋನ್ ಮಾಡ್ಬೇಕು, ಇಷ್ಟನ್ನ ಸೀದಾ ಬರ್ದು ಕೊನೇಲಿ ಒಂದು ನಂಬರ್ ಕೊಡಿ, ಆ ಫೋನ್ ಎತ್ತೋಕೆ ಯಾರಾದ್ರೂ ಇರ್ಲಿ.