ದೊಡ್ಡ ಮೋಡ ಬೇಕಾದ್ರೆ ಯಾವ ವೇಪ್ (ಇ-ಸಿಗರೇಟು)? (ಯುಕೆಯಲ್ಲಿರುವವರಿಗೆ)

ಪೆನ್ನಿನಂಥ ಸಣ್ಣ ವೇಪ್‌ನಿಂದ ದೊಡ್ಡ ಮೋಡ (ದಟ್ಟ ಆವಿ) ಬರುವುದಿಲ್ಲ, ಎಷ್ಟು ಎಳೆದರೂ ಅಷ್ಟೇ. ಅದರ ಕಾಯಿಲ್ (ಲಿಕ್ವಿಡ್ ಕಾಯಿಸುವ ತಂತಿ) ಸುಮಾರು 1 ಓಮ್, ಗಾಳಿ ಹೋಗುವ ತೂತು ಸೂಜಿಯಷ್ಟು. ಮೋಡಕ್ಕೆ 0.2 ಓಮ್ ಆಸುಪಾಸಿನ ಮೆಶ್ (ಜಾಲರಿಯಂಥ) ಕಾಯಿಲ್, ಅಗಲವಾದ ಗಾಳಿಕಿಂಡಿ, 80 ವಾಟ್‌ವರೆಗೆ ಕೊಡುವ ಮಾಡ್ (ಬ್ಯಾಟರಿ ಇರುವ ದೊಡ್ಡ ಸಾಧನ) ಬೇಕು. ಎಷ್ಟು ವಾಟ್ ಇಡಬೇಕು ಅಂತ ಕಾಯಿಲ್ ಮೇಲೆಯೇ ಬರೆದಿರುತ್ತದೆ. ಮೀರಿದರೆ ಒಳಗಿನ ಹತ್ತಿ ಸೀದು, ತಳ ಹಿಡಿದ ಅನ್ನದ ವಾಸನೆ ಗಂಟಲಿಗೇ ಬರುತ್ತದೆ.

ನಿಜ ಹೇಳಬೇಕಂದ್ರೆ ಅರ್ಧ ಕೆಲಸ ಲಿಕ್ವಿಡ್‌ನದು. ವೆಜಿಟೇಬಲ್ ಗ್ಲಿಸರಿನ್ 70% ಆದರೂ ಇರಲಿ. ಅದು ಜೇನಿನಂತೆ ಮಂದ, ಸಣ್ಣ ವೇಪ್‌ನ ಲಿಕ್ವಿಡ್ ಡಬ್ಬಿಯಲ್ಲಿ (ಪಾಡ್) ಹತ್ತಿಗೆ ಸರಿಯಾಗಿ ಇಳಿಯುವುದಿಲ್ಲ. ನಿಕೋಟಿನ್ ಮಿಲಿಗೆ 3 ಮಿಗ್ರಾಂ ಸಾಕು, ಸೊನ್ನೆ ಆದರೆ ಇನ್ನೂ ಒಳ್ಳೆಯದು. ನಾನು ಒಮ್ಮೆ 20 ಮಿಗ್ರಾಂದು ಹಾಕಿ ಎಳೆದು, ತಲೆ ಗಿರ್ ಅಂದು ಸೋಫಾ ಮೇಲೆ ಬಿದ್ದುಕೊಂಡಿದ್ದೆ!

ಇಲ್ಲಿನ ನಿಯಮದಂತೆ ಟ್ಯಾಂಕ್ 2 ಮಿಲಿ ಮಾತ್ರ. ಪದೇ ಪದೇ ತುಂಬಿಸಬೇಕು, ಅದಕ್ಕೆ ಮೇಲಿನಿಂದ ತುಂಬುವಂಥದ್ದೇ ತಗೊಳ್ಳಿ.

ಬ್ಯಾಟರಿಯಲ್ಲಿ ಮಾತ್ರ ಜಿಪುಣತನ ಬೇಡ. ಎರಡು 18650 ಅಳತೆಯ ಬ್ಯಾಟರಿ ಹಾಕುವ ಮಾಡ್ ಆದರೆ ಎರಡನ್ನೂ ಜೋಡಿಯಾಗಿ ಕೊಂಡು ಜೋಡಿಯಾಗಿಯೇ ಚಾರ್ಜ್ ಮಾಡಿ. ಮೇಲಿನ ಪ್ಲಾಸ್ಟಿಕ್ ಸಿಪ್ಪೆ ಹರಿದಿದ್ದರೆ ಬಳಸಬೇಡಿ. ಬಿಡಿ ಬ್ಯಾಟರಿಯನ್ನು ಕೀ, ಚಿಲ್ಲರೆ ಜೊತೆ ಜೇಬಿಗೆ ಹಾಕಲೇಬೇಡಿ, ಶಾರ್ಟ್ ಆಗಿ ಬೆಂಕಿ ಹತ್ತುತ್ತದೆ.

ಸಿಗರೇಟು ಸೇದದವರು ಸುಮ್ನೆ ಮೋಡದ ಆಸೆಗೆ ಇದನ್ನು ಹಿಡಿಯಬೇಡಿ. ಊರಿಗೆ ಹೊರಟಾಗ ಎಲ್ಲವನ್ನೂ ಇಲ್ಲೇ ಬಿಟ್ಟು ಹೋಗಿ. ಭಾರತದಲ್ಲಿ 2019ರಿಂದ ಇದರ ಮಾರಾಟ, ಆಮದು ಎರಡಕ್ಕೂ ನಿಷೇಧ ಇದೆ.