ಅಮ್ಮೀಟರ್ ಮುಳ್ಳು ಕುಣಿಯುವುದು ನಿಂತಿತು: ನನ್ನ ಅನುಭವ

ಹಳೇ ಸೆಸ್ನಾ 172 (ನಾಲ್ಕು ಸೀಟಿನ ಚಿಕ್ಕ ವಿಮಾನ) ಇಟ್ಟುಕೊಂಡವರಿಗೆ ಈ ಕಾಯಿಲೆ ಹೊಸದಲ್ಲ. ಕರೆಂಟ್ ತೋರಿಸುವ ಅಮ್ಮೀಟರ್‌ನ ಮುಳ್ಳು ಒಂದು ಕಡೆ ನಿಲ್ಲುವುದಿಲ್ಲ, ಕುಣಿಯುತ್ತದೆ. ಅದರ ತಾಳಕ್ಕೆ ಪ್ಯಾನೆಲ್ ದೀಪಗಳು ಜಾಸ್ತಿ ಕಮ್ಮಿ ಆಗುತ್ತವೆ. ಆಮೇಲೊಂದು ದಿನ ಓವರ್‌ವೋಲ್ಟೇಜ್ (ವೋಲ್ಟೇಜ್ ಮಿತಿ ಮೀರಿದೆ) ಅನ್ನುವ ಕೆಂಪು ದೀಪ ಹತ್ತಿ, ಇಂಜಿನ್‌ನಿಂದ ತಿರುಗಿ ಕರೆಂಟ್ ಕೊಡುವ ಆಲ್ಟರ್ನೇಟರ್ ಕೈಕೊಡುತ್ತದೆ. ಮಾಸ್ಟರ್ ಸ್ವಿಚ್‌ನ ಎರಡೂ ಕಡೆ (ಒಂದು ಅರ್ಧ ಬ್ಯಾಟರಿಗೆ, ಇನ್ನೊಂದು ಆಲ್ಟರ್ನೇಟರ್‌ಗೆ) ಆಫ್ ಮಾಡಿ ಆನ್ ಮಾಡಿದರೆ ಸರಿಹೋಗುತ್ತದೆ, ಸ್ವಲ್ಪ ಹೊತ್ತಿಗೆ ಮತ್ತೆ ಅದೇ ಕಥೆ.

ನಮ್ಮದು 1975ರ 172ಎಂ. ಲೈಕಾಮಿಂಗ್ ಓ-320 ಇಂಜಿನ್, 14 ವೋಲ್ಟ್ ಸಿಸ್ಟಂ. ಬೆಂಗಳೂರಿನ ಜಕ್ಕೂರು ಏರೋಡ್ರೋಮಿನಲ್ಲಿ ಇರುತ್ತದೆ. ಮೂರು ಜನ ಪಾಲುದಾರರು, ಅದರಲ್ಲಿ ಒಬ್ಬರು ಹಲ್ಲಿನ ಡಾಕ್ಟರು (ಅವರ ಉಪಯೋಗ ಮುಂದೆ ಬರುತ್ತದೆ). ಹೆಚ್ಚು ಕಮ್ಮಿ ಎರಡು ವರ್ಷ ಈ ಮುಳ್ಳು ನಮ್ಮ ತಲೆ ತಿಂದಿತು. ಈಗ ಏಳೆಂಟು ತಿಂಗಳಿಂದ ಅಲ್ಲಾಡಿಲ್ಲ. "ಸ್ವಿಚ್‌ನಲ್ಲಿ ಏನಿರುತ್ತೆ ಬಿಡಿ ಸಾರ್" ಅಂದವರೇ ಈಗ ನನ್ನ ಉದ್ದನೆ ವೈರನ್ನು ಎರವಲು ಕೇಳಿಕೊಂಡು ಬರುತ್ತಿದ್ದಾರೆ. ಪ್ರತಿಯೊಬ್ಬರಿಗೂ ಬಾಯಲ್ಲಿ ಹೇಳಿ ಸಾಕಾಗಿದೆ, ಅದಕ್ಕೇ ಬರೆದಿಡುತ್ತಿದ್ದೇನೆ. ಇಲ್ಲಿ ಹೇಳಿರುವ ಕೆಲಸದಲ್ಲಿ ಕೈ ನನ್ನದು, ಸಹಿ ಎಎಂಇ (ವಿಮಾನ ನಿರ್ವಹಣೆಯ ಲೈಸೆನ್ಸ್ ಇರುವ ಇಂಜಿನಿಯರ್) ಅವರದು. ಅವರು ಪಕ್ಕದಲ್ಲಿ ಇಲ್ಲದೆ ಪ್ಯಾನೆಲ್ ಹಿಂದೆ ಕೈ ಹಾಕಬೇಡಿ.

ಮೊದಲು ದುಡ್ಡಿನ ಕಥೆ. ಎಲ್ಲರ ಹಾಗೆ ನಾವೂ ಬ್ಯಾಟರಿಯಿಂದ ಶುರು ಮಾಡಿದೆವು. ಹೇಗೂ ಹಳೇದಾಗಿತ್ತು, ಹೊಸದಕ್ಕೆ ಮೂವತ್ತು ಸಾವಿರದ ಹತ್ತಿರ ಹೋಯಿತು. ಒಂದು ವಾರ ಮುಳ್ಳು ನಿಂತಿತು ಅನ್ನಿಸಿತು. ಬರೀ ಅನ್ನಿಸಿದ್ದು ಅಷ್ಟೇ. ಆಮೇಲೆ ಆಲ್ಟರ್ನೇಟರ್‌ನ ವೋಲ್ಟೇಜನ್ನು ಹಿಡಿತದಲ್ಲಿಡುವ ರೆಗ್ಯುಲೇಟರ್. ಅಮೆರಿಕದಿಂದ ತರಿಸಿದ್ದು, ಸಾಗಾಟ, ಕಸ್ಟಮ್ಸ್, ಎಲ್ಲ ಸೇರಿ ಐವತ್ತು ಸಾವಿರದ ಆಸುಪಾಸು. ಪಾರ್ಸೆಲ್ ಕೆಂಪೇಗೌಡ ಏರ್‌ಪೋರ್ಟಿಗೆ ಬಂದು ಇಳಿದಿದೆ, ಜಕ್ಕೂರು ಅಲ್ಲಿಂದ ಅರ್ಧ ಗಂಟೆ ದಾರಿ, ನಮ್ಮ ಕೈಗೆ ಸಿಕ್ಕಿದ್ದು ಮಾತ್ರ ಎರಡು ವಾರದ ಮೇಲೆ. ಹಾಕಿದೆವು. ಮುಳ್ಳು ಕುಣಿಯಿತು. ಆಮೇಲೆ ಆಲ್ಟರ್ನೇಟರ್ ಬಿಚ್ಚಿ ಒಂದು ಶಾಪಿಗೆ ಓವರ್‌ಹಾಲ್‌ಗೆ ಕಳಿಸಿದೆವು. ಬ್ರಷ್, ಬೇರಿಂಗ್, ಡಯೋಡ್, ಎಲ್ಲ ಹೊಸದು ಅಂತ ಬಿಲ್ ಬಂತು, ಲಕ್ಷದ ಹತ್ತಿರ. ಬೆಂಚ್ ಮೇಲೆ ಇಟ್ಟಾಗ ಚೆನ್ನಾಗಿತ್ತು ಅಂದರು. ನನಗೂ ಅದರಲ್ಲಿ ಅನುಮಾನ ಇಲ್ಲ, ಯಾಕೆಂದರೆ ಕಳಿಸುವ ಮೊದಲೂ ಅದು ಚೆನ್ನಾಗೇ ಇತ್ತು! ವಿಮಾನಕ್ಕೆ ಹಾಕಿದ ಮೇಲೆ ಮುಳ್ಳು ಮೊದಲಿಗಿಂತ ಜೋರಾಗಿ ಕುಣಿಯಿತು.

ಇಷ್ಟಾದ ಮೇಲೆ ಪಾಲುದಾರರಲ್ಲಿ ಒಬ್ಬರು "ಮಾರಿಬಿಡೋಣ ಕಣ್ರೀ" ಅನ್ನೋಕೆ ಶುರು ಮಾಡಿದರು. ಕೆಂಪು ದೀಪ ಹತ್ತುವ ವಿಮಾನವನ್ನು ಯಾರು ತಗೋತಾರೆ ಅಂತ ಕೇಳಿದೆ. ಅಲ್ಲಿಗೆ ಆ ಮಾತು ನಿಂತಿತು.

ಸುಳಿವು ಸಿಕ್ಕಿದ್ದು ಜೆಸಿ ರೋಡಿನಲ್ಲಿ ಇನ್ನೂರು ಮುನ್ನೂರು ರೂಪಾಯಿಗೆ ತಂದ ಒಂದು ವಸ್ತುವಿನಿಂದ. ಕಾರಿನ ಸಿಗರೇಟ್ ಲೈಟರ್‌ಗೆ ಚುಚ್ಚುವ ಚಿಕ್ಕ ವೋಲ್ಟ್‌ಮೀಟರ್, ಕೆಂಪು ಅಂಕಿ ತೋರಿಸುತ್ತದಲ್ಲ, ಅದು. ವಿಮಾನಕ್ಕೆ ಫಿಟ್ ಮಾಡುವಂಥದ್ದಲ್ಲ, ಚುಚ್ಚಿ ನೋಡಿ ತೆಗೆಯುವಂಥದ್ದು. ಅಮ್ಮೀಟರ್ ಮುಳ್ಳು ಬ್ಯಾಟರಿಗೆ ಕರೆಂಟ್ ಹೋಗುತ್ತಿದೆಯೋ ಬರುತ್ತಿದೆಯೋ ಅಂತ ಹೇಳುತ್ತದೆ ಅಷ್ಟೇ, ವೋಲ್ಟೇಜ್ ಎಷ್ಟಿದೆ ಅಂತ ಹೇಳುವುದಿಲ್ಲ. ಎರಡು ವರ್ಷ ನಾವೆಲ್ಲ ಆ ಮುಳ್ಳನ್ನೇ ನೋಡುತ್ತಾ ಕೂತಿದ್ದೆವು. ರನ್ ಅಪ್ (ಹಾರುವ ಮೊದಲು ನೆಲದ ಮೇಲೆ ಇಂಜಿನ್ ಓಡಿಸಿ ನೋಡುವುದು) ಮಾಡುವಾಗ ಈ ಚಿಕ್ಕ ಮೀಟರ್ 14.3 ತೋರಿಸಿತು. ಸರಿ. ಲ್ಯಾಂಡಿಂಗ್ ಲೈಟ್ ಹಾಕಿದೆ. 14.7!

ಸ್ವಲ್ಪ ಯೋಚನೆ ಮಾಡಿ. ಲೋಡ್ ಹಾಕಿದರೆ ವೋಲ್ಟೇಜ್ ಅಲ್ಲೇ ನಿಲ್ಲಬೇಕು ಇಲ್ಲಾ ಒಂಚೂರು ಇಳಿಯಬೇಕು. ನಮ್ಮದು ಏರುತ್ತಿತ್ತು. ಪಿಟೋ ಹೀಟ್ (ವೇಗ ಅಳೆಯುವ ಕೊಳವೆಯ ಹೀಟರ್) ಹಾಕಿದೆ, ಇನ್ನೂ ಏರಿತು. ಆವತ್ತು ರಾತ್ರಿ ವೈರಿಂಗ್ ಡಯಾಗ್ರಂ ಹರಡಿಕೊಂಡು ಕೂತಾಗ ಕಾರಣ ಹೊಳೆಯಿತು. ಈ ಹಳೇ ಸೆಸ್ನಾಗಳಲ್ಲಿ ರೆಗ್ಯುಲೇಟರ್‌ಗೆ ಬಸ್‌ನ (ಎಲ್ಲ ಉಪಕರಣಗಳಿಗೂ ಕರೆಂಟ್ ಹಂಚುವ ಲೋಹದ ಪಟ್ಟಿ) ವೋಲ್ಟೇಜ್ ನೋಡೋಕೆ ಅಂತ ಬೇರೆ ವೈರ್ ಇಲ್ಲ. ಫೀಲ್ಡ್‌ಗೆ (ಆಲ್ಟರ್ನೇಟರ್ ಒಳಗಿನ ಕಾಯಿಲ್, ಇದಕ್ಕೆ ಕರೆಂಟ್ ಜಾಸ್ತಿ ಕೊಟ್ಟರೆ ವೋಲ್ಟೇಜ್ ಏರುತ್ತದೆ) ಕರೆಂಟ್ ಹೋಗುವ ವೈರಿನಲ್ಲೇ ಅದು ವೋಲ್ಟೇಜನ್ನೂ ನೋಡುತ್ತದೆ. ಬಸ್ ಬಾರ್‌ನಿಂದ ಬ್ರೇಕರ್, ಅಲ್ಲಿಂದ ಮಾಸ್ಟರ್ ಸ್ವಿಚ್‌ನ ಆಲ್ಟರ್ನೇಟರ್ ಅರ್ಧ, ಅಲ್ಲಿಂದ ಓವರ್‌ವೋಲ್ಟೇಜ್ ಸೆನ್ಸರ್, ಕೊನೆಗೆ ಫೈರ್‌ವಾಲ್ (ಇಂಜಿನ್ ಹಿಂದಿನ ಗೋಡೆ) ಮೇಲಿನ ರೆಗ್ಯುಲೇಟರ್. ಈ ದಾರಿಯಲ್ಲಿ ಎಲ್ಲೋ ಕಾಂಟ್ಯಾಕ್ಟ್ ಕೆಟ್ಟು ಅರ್ಧ ವೋಲ್ಟ್ ತಿಂದುಹಾಕಿದರೆ ರೆಗ್ಯುಲೇಟರ್‌ಗೆ ಬಸ್ ವೋಲ್ಟೇಜ್ ಕಮ್ಮಿ ಇದೆ ಅಂತ ಕಾಣುತ್ತದೆ. ಫೀಲ್ಡ್ ಕರೆಂಟ್ ಜಾಸ್ತಿ ಮಾಡುತ್ತದೆ. ಕರೆಂಟ್ ಜಾಸ್ತಿಯಾದರೆ ಅದೇ ಕಾಂಟ್ಯಾಕ್ಟ್ ಇನ್ನೂ ಜಾಸ್ತಿ ತಿನ್ನುತ್ತದೆ. ಇಂಜಿನ್ ಅದುರುವಾಗ ಆ ಕಾಂಟ್ಯಾಕ್ಟ್ ಒಮ್ಮೆ ಚೆನ್ನಾಗಿ, ಒಮ್ಮೆ ಕೆಟ್ಟದಾಗಿ ಕೂರುತ್ತದೆ. ಮುಳ್ಳು ಕುಣಿಯುವುದು ಅದಕ್ಕೇ. ತೀರಾ ಕೆಟ್ಟದಾಗಿ ಕೂತಾಗ ಬಸ್ 16ರ ಹತ್ತಿರ ಹೋಗಿ ಸೆನ್ಸರ್ ಟ್ರಿಪ್ ಆಗಿ ಆಲ್ಟರ್ನೇಟರನ್ನು ನಿಲ್ಲಿಸುತ್ತದೆ.

ಇದನ್ನು ಎಎಂಇ ಅವರಿಗೆ ಹೇಳಿದೆ. ಹಿರಿಯರು, ನನ್ನ ವಯಸ್ಸಿನಷ್ಟು ವರ್ಷ ವಿಮಾನಗಳ ಕೆಳಗೆ ಮಲಗಿ ಕೆಲಸ ಮಾಡಿದವರು. ಮಲ್ಟಿಮೀಟರ್ ತಂದರು, ಸ್ವಿಚ್‌ನ ಎರಡು ಟರ್ಮಿನಲ್‌ಗೆ ಇಟ್ಟರು, ಬೀಪ್ ಬಂತು.

"ನೋಡಿ ಸಾರ್, ಸ್ವಿಚ್ ಚೆನ್ನಾಗಿದೆ."

"ಬೀಪ್ ಬರೋದಕ್ಕೂ ಮೂರು ಆಂಪ್ ಹೊರೋದಕ್ಕೂ ವ್ಯತ್ಯಾಸ ಇದೆ ಸಾರ್" ಅಂದೆ. ನಕ್ಕು ಟೀ ಕುಡಿಯೋಕೆ ಹೋದರು.

ಇಡೀ ವಿಷಯ ಇರುವುದು ಇಲ್ಲೇ. ಮೀಟರ್ ಓಮ್ಸ್‌ನಲ್ಲಿ ಇಟ್ಟಾಗ ಅದು ಕಳಿಸುವ ಕರೆಂಟ್ ಲೆಕ್ಕಕ್ಕೇ ಬರುವಷ್ಟಿಲ್ಲ. 0.3 ಓಮ್ ಇದ್ದರೂ ಅದು ಪ್ರೋಬ್‌ನ ರೆಸಿಸ್ಟೆನ್ಸ್ ಅಂದುಕೊಂಡು ಬಿಟ್ಟುಬಿಡುತ್ತೀರಿ. ಮೂರು ಆಂಪ್ ಹರಿಯುವಾಗ ಅದೇ 0.3 ಓಮ್ ಅಂದರೆ 0.9 ವೋಲ್ಟ್. ಹಾಗಾಗಿ ಓಮ್ಸ್ ಮರೆತುಬಿಡಿ. ಕರೆಂಟ್ ಹರಿಯುತ್ತಿರುವಾಗಲೇ ವೋಲ್ಟೇಜ್ ಡ್ರಾಪ್ ಅಳೆಯಿರಿ.

ಇದಕ್ಕೆ ಇಂಜಿನ್ ಸ್ಟಾರ್ಟ್ ಮಾಡುವ ಅಗತ್ಯವೂ ಇಲ್ಲ. ನಿಂತ ಇಂಜಿನ್‌ನಲ್ಲಿ ಮಾಸ್ಟರ್‌ನ ಎರಡೂ ಕಡೆ ಆನ್ ಮಾಡಿದರೆ ಬಸ್‌ನಲ್ಲಿ ಬರೀ ಬ್ಯಾಟರಿಯ 12 ಚಿಲ್ಲರೆ ವೋಲ್ಟ್ ಇರುತ್ತದೆ. ಅದು ಕಮ್ಮಿ ಅಂತ ರೆಗ್ಯುಲೇಟರ್ ಪೂರ್ತಿ ಫೀಲ್ಡ್ ಕೊಡುತ್ತದೆ, ಮೂರು ಆಂಪ್ ಆಸುಪಾಸು. ಎಸ್‌ಪಿ ರೋಡಿನಲ್ಲಿ ನಾಲ್ಕು ಮೀಟರ್ ಮೆತ್ತನೆ ಸಿಲಿಕೋನ್ ವೈರ್, ಎರಡು ಸೂಜಿ ಪ್ರೋಬ್ ತಗೊಂಡೆ. ಒಂದು ಬಸ್ ಬಾರ್ ಮೇಲೆ, ಇನ್ನೊಂದು ಕೌಲಿಂಗ್ (ಇಂಜಿನ್ ಮುಚ್ಚಳ) ಬಿಚ್ಚಿ ರೆಗ್ಯುಲೇಟರ್ ಟರ್ಮಿನಲ್ ಮೇಲೆ. ಮೀಟರ್ ಡಿಸಿ ವೋಲ್ಟ್‌ನಲ್ಲಿ. ಚೆನ್ನಾಗಿರುವ ವಿಮಾನದಲ್ಲಿ 0.2 ದಾಟಬಾರದು ಅನ್ನುವುದು ನನ್ನ ಲೆಕ್ಕ. ನಮ್ಮಲ್ಲಿ ಬಂದದ್ದು 0.9ಕ್ಕೆ ಒಂಚೂರು ಕಮ್ಮಿ.

ಆಮೇಲೆ ದಾರಿಯನ್ನು ತುಂಡು ತುಂಡು ಮಾಡಿ ಅಳೆಯುವುದು. ಬ್ರೇಕರ್‌ನ ಆಚೆ ಈಚೆ 0.2. ಸೆನ್ಸರ್ ಕನೆಕ್ಟರ್ ಹತ್ತಿರ ಒಂಚೂರು. ಸ್ವಿಚ್‌ನ ಆಚೆ ಈಚೆ 0.6! ಸ್ಕ್ರೂಡ್ರೈವರ್ ಹಿಡಿಯಿಂದ ಪ್ಯಾನೆಲ್ಲನ್ನು ಮೆಲ್ಲಗೆ ತಟ್ಟಿದರೆ ಅಂಕಿ 0.3ರಿಂದ 1ರವರೆಗೆ ಹಾರಾಡುತ್ತಿತ್ತು. ಟೀ ಮುಗಿಸಿ ಬಂದ ಎಎಂಇ ಅವರನ್ನು ಕರೆದು ತೋರಿಸಿದೆ. ತಾವೇ ತಟ್ಟಿ ನೋಡಿದರು. ಇನ್ನೊಮ್ಮೆ ತಟ್ಟಿದರು. ಮಾತಾಡಲಿಲ್ಲ, ಕನ್ನಡಕ ತೆಗೆದು ಒರೆಸಿಕೊಂಡರು. ಆ ಮೌನಕ್ಕೆ ನಾನು ಎರಡು ಲಕ್ಷ ಕೊಟ್ಟಿದ್ದೆ. ಮಾಸ್ಟರ್ ಆನ್ ಮಾಡಿ ಇದನ್ನೆಲ್ಲ ಅಳೆಯುವಾಗ ಬೇಗ ಮುಗಿಸಿ, ಬ್ಯಾಟರಿ ಇಳಿಯುತ್ತದೆ, ಫೀಲ್ಡ್ ಕಾಯಿಲ್ ಸುಮ್ನೆ ಬಿಸಿಯಾಗುತ್ತದೆ.

ಪ್ಯಾನೆಲ್ ಪೂರ್ತಿ ಇಳಿಸದೆ ಬ್ರೇಕರ್ ಹಿಂದಿನ ಟರ್ಮಿನಲ್‌ಗೆ ಪ್ರೋಬ್ ಮುಟ್ಟಿಸೋಕೆ ಒಂದು ಉಪಾಯ ಇದೆ. ಅದನ್ನು ಇಲ್ಲಿ ಬರೆಯುವುದಿಲ್ಲ. ಹ್ಯಾಂಗರ್‌ಗೆ ಬನ್ನಿ, ಟೀ ಕೊಡಿಸಿ, ತೋರಿಸುತ್ತೇನೆ.

ನಂಬಿಕೆಗೆ ಇನ್ನೊಂದು ಪರೀಕ್ಷೆ ಮಾಡಿದೆವು. ಸ್ವಿಚ್‌ನ ಆಲ್ಟರ್ನೇಟರ್ ಅರ್ಧವನ್ನು ಫ್ಯೂಸ್ ಇರುವ ಒಂದು ತುಂಡು ವೈರಿನಿಂದ ಬೈಪಾಸ್ ಮಾಡಿ, ನೆಲದ ಮೇಲೆ ಮಾತ್ರ, ಚಕ್ರ ಉರುಳದ ಹಾಗೆ ಚಾಕ್ ಅಡ್ಡ ಕೊಟ್ಟು ರನ್ ಮಾಡಿದೆವು. ಮುಳ್ಳು ನೆಟ್ಟಗೆ ನಿಂತಿತು. ಲ್ಯಾಂಡಿಂಗ್ ಲೈಟ್ ಹಾಕಿದರೂ 14.1 ಅಲ್ಲಾಡಲಿಲ್ಲ. ವೈರ್ ತೆಗೆದರೆ ಮತ್ತೆ ಕುಣಿತ.

ಸ್ವಿಚ್ ಬಿಚ್ಚಿ ನೋಡಿದಾಗ ಒಳಗಿನ ಕಾಂಟ್ಯಾಕ್ಟ್ ಕಪ್ಪಾಗಿ ಗುಳಿ ಬಿದ್ದಿತ್ತು. ಹಿಂದಿನ ಸ್ಪೇಡ್ ಟರ್ಮಿನಲ್ ಬಿಸಿಗೆ ಬಣ್ಣ ತಿರುಗಿ, ಕೈಯಲ್ಲಿ ಎಳೆದರೆ ಬರುವಷ್ಟು ಸಡಿಲ. ಸುಮಾರು ಐವತ್ತು ವರ್ಷದ ಸ್ವಿಚ್, ಪಾಪ, ಅದರ ತಪ್ಪೇನೂ ಇಲ್ಲ. ನೋಡೋಕೆ ಇಂಥದ್ದೇ ಸ್ವಿಚ್ ಎಸ್‌ಪಿ ರೋಡಿನಲ್ಲಿ ನೂರು ರೂಪಾಯಿಗೆ ಸಿಗುತ್ತದೆ, ಆದರೆ ಪೇಪರ್ ಇಲ್ಲದ ಪಾರ್ಟ್ ವಿಮಾನಕ್ಕೆ ಹಾಕುವ ಹಾಗಿಲ್ಲ ಅಲ್ವಾ. ರಿಲೀಸ್ ಸರ್ಟಿಫಿಕೇಟ್ ಜೊತೆ ಹೊಸ ಸ್ವಿಚ್, ಬ್ರೇಕರ್, ಹೊಸ ಟರ್ಮಿನಲ್‌ಗಳು, ತರಿಸೋ ಖರ್ಚು ಸೇರಿ ಇಪ್ಪತ್ತೈದು ಸಾವಿರ ದಾಟಲಿಲ್ಲ. ಯಲಹಂಕದಲ್ಲಿ ಏರ್ ಶೋ ನಡೆಯುವ ದಿನಗಳಲ್ಲಿ ನಮಗೆ ಹಾರಾಟ ಹೇಗೂ ಇರುವುದಿಲ್ಲ, ಮೇಲೆ ಫೈಟರ್‌ಗಳ ಸದ್ದು ಕೇಳುತ್ತಾ ಕೆಳಗೆ ಇದನ್ನೆಲ್ಲ ಹಾಕಿ ಮುಗಿಸಿದೆವು. ಹಾಕಿದ ಮೇಲೆ ಒಟ್ಟು ಡ್ರಾಪ್ 0.1 ಚಿಲ್ಲರೆ.

ಇಷ್ಟೊಂದು ಗ್ರೌಂಡ್ ರನ್ ಮಾಡಿದ್ದರಿಂದ ಇನ್ನೊಂದು ತಲೆನೋವು ಶುರುವಾಯಿತು, ಅದನ್ನೂ ಹೇಳುತ್ತೇನೆ. ಮ್ಯಾಗ್ನೆಟೋ ಚೆಕ್‌ನಲ್ಲಿ (ಪ್ಲಗ್‌ಗೆ ಕಿಡಿ ಕೊಡುವ ಎರಡು ಮ್ಯಾಗ್ನೆಟೋಗಳಲ್ಲಿ ಒಂದೊಂದನ್ನೇ ಆಫ್ ಮಾಡಿ ನೋಡುವುದು) ಇಂಜಿನ್ ವೇಗದ ಡ್ರಾಪ್ 200 ಆರ್‌ಪಿಎಂ ದಾಟಿತು, ಇಂಜಿನ್ ಒರಟಾಯಿತು. ಬಿಚ್ಚಿ ನೋಡಿದರೆ ಕೆಳಗಿನ ಸ್ಪಾರ್ಕ್ ಪ್ಲಗ್‌ಗಳಲ್ಲಿ ಸೀಸದ ಗುಂಡುಗಳು. ನಮ್ಮ ಇಂಜಿನ್ ಮಾಡಿದ್ದೇ 80/87 ಅನ್ನುವ ಹಳೇ ವಿಮಾನ ಪೆಟ್ರೋಲಿಗೆ. ಈಗ ಸಿಗುವುದು 100ಎಲ್‌ಎಲ್, ಅದರಲ್ಲಿ ಇರಬಹುದಾದ ಸೀಸ 80/87ರ ನಾಲ್ಕು ಪಟ್ಟು. ಹೆಸರಲ್ಲಿ 'ಲೋ ಲೆಡ್' ಬೇರೆ! 2022ರಿಂದ ಇಂಡಿಯನ್ ಆಯಿಲ್ ವಡೋದರಾದಲ್ಲೇ ಇದನ್ನು ತಯಾರಿಸುತ್ತಿದೆ, ಸೀಸ ಮಾತ್ರ ಸೀಸವೇ. ಮೇಲಿಂದ ಜಕ್ಕೂರು ಸಮುದ್ರ ಮಟ್ಟದಿಂದ ಮೂರು ಸಾವಿರ ಅಡಿ. ಏಪ್ರಿಲ್ ಮಧ್ಯಾಹ್ನ 35 ಡಿಗ್ರಿ ಇದ್ದರೆ ಡೆನ್ಸಿಟಿ ಆಲ್ಟಿಟ್ಯೂಡ್ (ಬಿಸಿಗೆ ಗಾಳಿ ತೆಳುವಾಗಿ ಇಂಜಿನ್‌ಗೆ ಅನ್ನಿಸುವ ಎತ್ತರ) ಆರು ಸಾವಿರ ದಾಟುತ್ತದೆ. ಅಲ್ಲಿ ಮಿಕ್ಸ್ಚರ್ ಪೂರ್ತಿ ರಿಚ್ (ಗಾಳಿಯ ಜೊತೆ ಪೆಟ್ರೋಲ್ ಜಾಸ್ತಿ) ಇಟ್ಟು ನಿಧಾನಕ್ಕೆ ಟ್ಯಾಕ್ಸಿ ಮಾಡಿದರೆ ಪ್ಲಗ್ ಬಿಸಿಯೇ ಆಗುವುದಿಲ್ಲ, ಸೀಸ ಹೊರಗೆ ಹೋಗುವುದಿಲ್ಲ.

ಡಾಕ್ಟರು ತಮ್ಮ ಕ್ಲಿನಿಕ್‌ನಿಂದ ಹಲ್ಲು ಕೆರೆಯುವ ಕಡ್ಡಿಗಳನ್ನು ತಂದು ಒಂದೊಂದೇ ಗುಂಡು ಕಿತ್ತರು. ನಮ್ಮ ಯಾವ ಟೂಲ್‌ಗಿಂತಲೂ ಚೆನ್ನಾಗಿ ಕೆಲಸ ಮಾಡಿತು, ಸೆರಾಮಿಕ್‌ಗೆ ತಾಗಿಸಬಾರದು ಅಷ್ಟೇ. ಪ್ಲಗ್‌ನ ಒಳಗಿನ ರೆಸಿಸ್ಟರ್ ಅಳೆದು 5,000 ಓಮ್ ದಾಟಿದವನ್ನು ಎಸೆದೆವು, ಎರಡು ಹೋದವು. ಕೆಳಗಿನ ಸಾಲಿಗೆ ಮೂತಿ ಉದ್ದ ಇರುವ 37ಬಿವೈ ಪ್ಲಗ್ ಹಾಕಿದೆವು. ಲೈಕಾಮಿಂಗ್ ಪಟ್ಟಿಯಲ್ಲಿ ನಿಮ್ಮ ಇಂಜಿನ್‌ಗೆ ಅದು ಇದೆಯಾ ಅಂತ ನೋಡಿಕೊಂಡೇ ಹಾಕಿ. ಈಗ ಸ್ಟಾರ್ಟ್ ಆದ ತಕ್ಷಣ ಮಿಕ್ಸ್ಚರ್ ಚೆನ್ನಾಗಿ ಎಳೆದು ಪೆಟ್ರೋಲ್ ಕಮ್ಮಿ ಮಾಡಿಬಿಡುತ್ತೇನೆ. ಎಷ್ಟು ಅಂದರೆ, ಮರೆತು ಟೇಕಾಫ್ ಪವರ್ ಕೊಡೋಕೆ ಹೋದರೆ ಇಂಜಿನ್ ತಾನೇ ಕೆಮ್ಮಿ ನಿಲ್ಲಬೇಕು, ಅಷ್ಟು. ಸ್ವಲ್ಪ ಎಳೆದು ಬಿಡುವುದೇ ಅಪಾಯ, ಮರೆತರೂ ಇಂಜಿನ್ ಓಡುತ್ತದೆ, ಬಿಸಿಯಾಗುತ್ತದೆ. ನಿಲ್ಲಿಸುವ ಮೊದಲು 1,800 ಆರ್‌ಪಿಎಂನಲ್ಲಿ ಇಪ್ಪತ್ತು ಸೆಕೆಂಡು, ಆಮೇಲೆ 1,200ಕ್ಕೆ ಇಳಿಸಿ ಮಿಕ್ಸ್ಚರ್ ಕಟ್. ಮ್ಯಾಗ್ನೆಟೋ ಡ್ರಾಪ್ ಈಗ 70, 80 ಆರ್‌ಪಿಎಂನಲ್ಲೇ ಇದೆ.

ಮುಳ್ಳಿನ ವಿಷಯಕ್ಕೆ ಬಂದರೆ, ಹೋದ ತಿಂಗಳು ಪಕ್ಕದ ಹ್ಯಾಂಗರಿನವರ 172ರಲ್ಲೂ ಅದೇ ಕುಣಿತ. ನನ್ನ ಕಥೆ ಕೇಳಿ ಅವರು ಆಗಲೇ ಸ್ವಿಚ್‌ಗೆ ಆರ್ಡರ್ ಹಾಕೋಕೆ ಹೊರಟಿದ್ದರು. ತಡೆದೆ. ಅವರದು 28 ವೋಲ್ಟ್, ಫೀಲ್ಡ್ ಕರೆಂಟ್ ಬೇರೆ, ದಾರಿ ಮಾತ್ರ ಹೆಚ್ಚು ಕಮ್ಮಿ ಇದೇ. ಅಳೆದರೆ ಸ್ವಿಚ್ ಹೊಸದರ ಹಾಗಿತ್ತು, ಪೂರ್ತಿ ಡ್ರಾಪ್ ಬ್ರೇಕರ್‌ನಲ್ಲೇ ಕೂತಿತ್ತು. ಬ್ರೇಕರ್ ಬದಲಾಯಿಸಿದರು, ನಿಂತಿತು. ನಮ್ಮ ಎಎಂಇ ಈಗ ಪ್ರತಿ ನೂರು ಗಂಟೆ ಇನ್‌ಸ್ಪೆಕ್ಷನ್‌ಗೆ ನನ್ನ ವೈರ್ ಕೇಳಿ ತಗೊಳ್ಳುತ್ತಾರೆ, ವೋಲ್ಟೇಜ್ ಡ್ರಾಪ್‌ನ ಅಂಕಿಯನ್ನು ಕಾರ್ಡ್‌ನ ಮೂಲೆಯಲ್ಲಿ ಬರೆದಿಡುತ್ತಾರೆ. ಕಳೆದ ಸಲ 0.12 ಇತ್ತು. ವೈರ್ ವಾಪಸ್ ಕೊಡುವುದು ಮಾತ್ರ ಮರೆಯುತ್ತಾರೆ, ಹೋದ ವಾರ ಎಸ್‌ಪಿ ರೋಡಿಗೆ ಹೋಗಿ ಇನ್ನೊಂದು ತಂದೆ.